ಮಂಜು ಬಿಳಿಯಲ್ಲ: ಎಂಟು ಬಿಟ್ ಆಟವೊಂದರಲ್ಲಿ ಬಣ್ಣ ಕರಗಿಸಿದ ಪ್ರಕರಣ

ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು ರಜೆಗೆ ಕೊಡಗಿಗೆ ಬಂದಾಗ ಕೈಗೆತ್ತಿಕೊಂಡದ್ದು ನಿಂಟೆಂಡೊದ ಹಳೆಯ ಎಂಟು ಬಿಟ್ ಯಂತ್ರಕ್ಕೆ ಆಟ ಬರೆಯುವ ಕೆಲಸ. ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಂ ಎಂದೂ ಅಮೆರಿಕದಲ್ಲಿ 1985ರಲ್ಲಿ ಎನ್‌ಇಎಸ್ ಎಂದೂ ಮಾರುಕಟ್ಟೆಗೆ ಬಂದ ಯಂತ್ರವದು. ನಮ್ಮಲ್ಲಿ ಅಸಲಿ ಯಂತ್ರವನ್ನು ಕಂಡವರು ಕಡಿಮೆ. ತೊಂಬತ್ತರ ದಶಕದಲ್ಲಿ ಮನೆ ಸೇರಿದ್ದು ಅದರ ನಕಲುಗಳು. ವಿಡಿಯೋ ಗೇಮ್ ಎಂದಷ್ಟೇ ಕರೆಯುತ್ತಿದ್ದ ಆ ಪೆಟ್ಟಿಗೆಗೆ 60 ಪಿನ್ನಿನ ಕ್ಯಾಸೆಟ್ ಚುಚ್ಚಿದರೆ ಆಟ ಶುರು. ಅಂಥದ್ದೊಂದು ಪೆಟ್ಟಿಗೆ ಅಕ್ಕನ ಮನೆಯ ಅಟ್ಟದಲ್ಲಿ ಇನ್ನೂ ಬದುಕಿತ್ತು.

ಅವಳ ಆಟದಲ್ಲಿ ಒಬ್ಬ ಹುಡುಗಿ ಭಾಗಮಂಡಲದ ಸಂಗಮದಿಂದ ಹೊರಟು ತಲಕಾವೇರಿಗೆ ನಡೆಯುತ್ತಾಳೆ. ಮೊದಲು ಕಾಫಿ ತೋಟ, ಆಮೇಲೆ ಏಲಕ್ಕಿ ಮಲೆ, ಕೊನೆಗೆ ಬ್ರಹ್ಮಗಿರಿಯ ಹುಲ್ಲುಗುಡ್ಡ. ದಾರಿಯಲ್ಲಿ ಎರಡು ಬಗೆಯ ಬದಲಾವಣೆಗಳಿವೆ: ತೋಟದಲ್ಲಿ ಸಂಜೆಯಾಗಿ ಕತ್ತಲು ಕವಿಯುತ್ತದೆ, ಗುಡ್ಡದಲ್ಲಿ ಮಂಜು ಕವಿಯುತ್ತದೆ. ಎರಡಕ್ಕೂ ತೆರೆಯ ಬಣ್ಣಗಳನ್ನು ಹಂತಹಂತವಾಗಿ ಕರಗಿಸಬೇಕು. ಕತ್ತಲು ಸುಲಭವಾಗಿಯೇ ಬಂತು, ಮಂಜು ಬರಲಿಲ್ಲ. ಮಂಜನ್ನು ಸರಿಮಾಡಿದ ಮೇಲೆ ಕತ್ತಲು ಕೆಟ್ಟಿತು, ಅದೂ ಕಂಪ್ಯೂಟರಿನಲ್ಲಿ ಅಲ್ಲ, ನಿಜವಾದ ಟಿವಿಯಲ್ಲಿ ಮಾತ್ರ. ಈ ಸರಪಳಿ ಹೇಗೆ ಬೆಳೆಯಿತು, ಎಲ್ಲಿ ಕಡಿಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಯಂತ್ರದ ಬಣ್ಣಗಳು

ಈ ಯಂತ್ರದಲ್ಲಿ ಚಿತ್ರದ ಹೊಣೆ ಹೊತ್ತದ್ದು ಪಿಪಿಯು ಎಂಬ ಪ್ರತ್ಯೇಕ ಚಿಪ್. ಅದಕ್ಕೆ ಕೆಂಪು, ಹಸಿರು, ನೀಲಿಯ ಲೆಕ್ಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು 0ಯಿಂದ 63ರವರೆಗಿನ ಬಣ್ಣದ ಸಂಖ್ಯೆಗಳು ಮಾತ್ರ. ಇವನ್ನು 16 ಮನೆಗಳ ನಾಲ್ಕು ಸಾಲುಗಳಾಗಿ ಜೋಡಿಸಿಕೊಂಡರೆ ಅರ್ಥವಾಗುತ್ತದೆ: ಅಡ್ಡಸಾಲು ಹೊಳಪನ್ನು ಹೇಳುತ್ತದೆ, ಕಂಬಸಾಲು ವರ್ಣವನ್ನು. ಉದಾಹರಣೆಗೆ 9 ಎಂದರೆ ಕಡುಹಸಿರು, 25 ಹಸಿರು, 41 ತಿಳಿಹಸಿರು, 57 ತೀರಾ ಪೇಲವ ಹಸಿರು. 16 ಕೂಡಿಸಿದರೆ ಒಂದು ಸಾಲು ಮೇಲೆ, ಕಳೆದರೆ ಒಂದು ಸಾಲು ಕೆಳಗೆ. ಪ್ರೋಗ್ರಾಂ ಬರೆಯುವವರು ಇದನ್ನು ಹದಿನಾರರ ಮಾನದಲ್ಲಿ ಬರೆಯುತ್ತಾರೆ; ಇಲ್ಲಿ ಓದಲು ಸುಲಭವಾಗಲೆಂದು ದಶಮಾನವನ್ನೇ ಬಳಸಿದ್ದೇನೆ.

ತೆರೆಯ ಮೇಲೆ ಬಳಸುವ ಬಣ್ಣಗಳ ಪಟ್ಟಿಯೇ ಪ್ಯಾಲೆಟ್, ಅದರ ನೆನಪು 32 ಬೈಟ್. ಹಿನ್ನೆಲೆಗೆ ನಾಲ್ಕು ಕಿರುಪ್ಯಾಲೆಟ್, ಚಲಿಸುವ ಗೊಂಬೆಗಳಿಗೆ ಅಂದರೆ ಸ್ಪ್ರೈಟ್‌ಗಳಿಗೆ ನಾಲ್ಕು. ಒಂದೊಂದರಲ್ಲೂ ಮೂರು ಸ್ವಂತ ಬಣ್ಣಗಳು. ಎಲ್ಲದರ ಹಿಂದೆ ಒಂದು ಸಾಮಾನ್ಯ ಹಿನ್ನೆಲೆ ಬಣ್ಣ. ಹೀಗೆ ಒಮ್ಮೆಗೆ ತೆರೆಯ ಮೇಲೆ 25 ಬಣ್ಣಗಳು.

ಮುಂದಿನ ಪೀಳಿಗೆಯ ಯಂತ್ರಗಳಲ್ಲಿ ಈ ಕಷ್ಟವಿಲ್ಲ. ನಿಂಟೆಂಡೊದ್ದೇ ಆದ 1990ರ ಸೂಪರ್ ಫ್ಯಾಮಿಕಾಂನಲ್ಲಿ ಇಡೀ ತೆರೆಯ ಹೊಳಪನ್ನು 16 ಮಟ್ಟಗಳಲ್ಲಿ ಇಳಿಸಲು ಒಂದೇ ರಿಜಿಸ್ಟರ್, ಅಂದರೆ ಚಿಪ್ಪಿನೊಳಗಿನ ಒಂದು ಪುಟ್ಟ ನೆನಪಿನ ಮನೆ, ಸಾಕು. ಸೆಗಾ ಕಂಪನಿಯ 1988ರ ಮೆಗಾ ಡ್ರೈವ್‌ನಲ್ಲಿ ಅಂಥ ರಿಜಿಸ್ಟರ್ ಇಲ್ಲವಾದರೂ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಮೂರು ಮೂರು ಬಿಟ್‌ಗಳಿವೆ, ಒಟ್ಟು 512 ಬಣ್ಣಗಳು. ಆ ಯಂತ್ರದ 1991ರ ಸೋನಿಕ್ ಆಟದಲ್ಲಿ ಕತ್ತಲಾಗುವಾಗ ಮೊದಲು ಕೆಂಪು, ಆಮೇಲೆ ಹಸಿರು, ಕೊನೆಗೆ ನೀಲಿ ಇಳಿಯುತ್ತದೆ; ಆದ್ದರಿಂದಲೇ ಅಲ್ಲಿ ತೆರೆ ಕಪ್ಪಾಗುವ ಮುನ್ನ ನೀಲಿಗಟ್ಟುತ್ತದೆ. ನಮ್ಮ ಎಂಟು ಬಿಟ್ ಪೆಟ್ಟಿಗೆಯಲ್ಲಿ ಇರುವುದು ನಾಲ್ಕೇ ಸಾಲು, ಅಷ್ಟರಲ್ಲೇ ಸಂಸಾರ ತೂಗಿಸಬೇಕು.

ಮೊದಲ ಕತ್ತಲು, ಮೊದಲ ಮಂಜು

ಅವಳ ಮೊದಲ ವಿಧಾನ ಎಲ್ಲರೂ ಬಳಸುವಂಥದ್ದೇ: ಪ್ರತಿ ಹಂತದಲ್ಲಿ ಎಲ್ಲ ಬಣ್ಣಗಳಿಂದ 16 ಕಳೆ, ಸೊನ್ನೆಗಿಂತ ಕೆಳಗೆ ಹೋದರೆ 15 ಎಂದು ಬರೆ. 15 ಎಂದರೆ ಕಪ್ಪು. ಆಕಾಶದ ನೀಲಿ 33, 17, 1, ಆಮೇಲೆ ಕಪ್ಪು. ಎಲೆಯ ಹಸಿರು 25, 9, ಆಮೇಲೆ ಕಪ್ಪು. ಎಲೆಯ ನೆರಳಿನ 9 ಮೊದಲ ಹಂತದಲ್ಲೇ ಕಪ್ಪು. ಎಲ್ಲ ಬಣ್ಣಗಳೂ ಒಟ್ಟಿಗೆ ಮುಗಿಯುವುದಿಲ್ಲ, ಕಡುಬಣ್ಣಗಳು ಮೊದಲು ಸಾಯುತ್ತವೆ. ಇದು ದೋಷವೆಂದು ಹೇಳುವವರಿದ್ದಾರೆ. ಗುಹೆಯ ದೃಶ್ಯಕ್ಕೋ ಮನೆಯೊಳಗಿನ ದೃಶ್ಯಕ್ಕೋ ನಾನೂ ಹಾಗೆಯೇ ಹೇಳುತ್ತಿದ್ದೆ. ಸಂಜೆಯ ತೋಟಕ್ಕೆ ಮಾತ್ರ ಇದೇ ಸರಿ. ಸಿಲ್ವರ್ ಓಕ್ ಮರಗಳು ಕಪ್ಪು ಆಕೃತಿಗಳಾಗಿ ನಿಂತ ಮೇಲೂ ಆಕಾಶದಲ್ಲಿ ನೀಲಿ ಉಳಿದಿರುತ್ತದಲ್ಲ, ಈ ಕಳೆಯುವ ಲೆಕ್ಕ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ.

ಮಂಜಿಗೆ ಅವಳು ಅದನ್ನೇ ತಿರುಗಿಸಿದಳು: ಪ್ರತಿ ಹಂತದಲ್ಲಿ 16 ಕೂಡಿಸು, 63 ದಾಟಿದರೆ 48 ಎಂದು ಬರೆ. 48 ಎಂದರೆ ಬಿಳಿ. ನೋಡಿದರೆ ಗುಡ್ಡಕ್ಕೆ ಮಂಜು ಬರಲಿಲ್ಲ, ಯಾರೋ ವಿದ್ಯುದ್ದೀಪ ಹಚ್ಚಿದಂತಾಯಿತು. 9 ಇದ್ದದ್ದು 25 ಆಗಿ, 41 ಆಗಿ, ಗಿಳಿಹಸಿರಾಗಿ ಹೊಳೆಯಿತು. ಒಂದು ಸಾಲು ಮೇಲಕ್ಕೆ ಹೋಗುವುದೆಂದರೆ ಅದೇ ವರ್ಣಕ್ಕೆ ಹೆಚ್ಚು ಬೆಳಕು ಬೀಳುವುದು ಎಂದರ್ಥ. ಮಂಜಿನಲ್ಲಿ ಆಗುವುದು ಅದರ ವಿರುದ್ಧ, ವರ್ಣವೇ ಮೊದಲು ಸೋರಿಹೋಗುತ್ತದೆ.

ಇನ್ನೊಂದು ವಿಚಿತ್ರವೂ ಕಂಡಿತು. ತೆರೆ ಬಹುತೇಕ ಬೆಳ್ಳಗಾದ ಮೇಲೂ ಎಲ್ಲ ವಸ್ತುಗಳ ಅಂಚುಗೆರೆ ಕಡುಕಪ್ಪಾಗಿಯೇ ಉಳಿದು, ಕೊನೆಯ ಹಂತದಲ್ಲಿ ಒಮ್ಮೆಗೇ ಮಾಯವಾಯಿತು. ಕಾರಣ ಸರಳ. ಕೊನೆಯ ಎರಡು ಕಂಬಸಾಲುಗಳಲ್ಲಿ ಎಲ್ಲ ಮನೆಗಳೂ ಕಪ್ಪು. ಅಂಚಿನ 15 ಎಂಬುದು 31 ಆದರೂ ಕಪ್ಪು, 47 ಆದರೂ ಕಪ್ಪು, 63 ಆದರೂ ಕಪ್ಪು. 79ಕ್ಕೆ ಹೋದಾಗಲಷ್ಟೇ 48 ಎಂದು ಬಿಳಿಯಾಗುತ್ತದೆ.

ಜಾಣ ಪರಿಹಾರ ಮತ್ತು ಅದರ ಬೆಲೆ

ಅವಳು ಬಿಡುವವಳಲ್ಲ. ಬಣ್ಣಗಳ ಚಾರ್ಟನ್ನು ಮುಂದಿಟ್ಟುಕೊಂಡು ಹುಡುಕಿದಾಗ ಇನ್ನೊಂದು ಕಪ್ಪು ಸಿಕ್ಕಿತು: 29. ಅದಿರುವುದು 13ನೇ ಕಂಬಸಾಲಿನಲ್ಲಿ, ಆ ಸಾಲು ಬಣ್ಣವಿಲ್ಲದ ಸಾಲು. 29 ಕಪ್ಪು, 45 ಗಾಢ ಬೂದು, 61 ತಿಳಿ ಬೂದು. ಹಾಗಾದರೆ 29ರಿಂದ ಶುರುಮಾಡಿ 16 ಕೂಡಿಸುತ್ತ ಹೋದರೆ ಕಪ್ಪು, ಗಾಢ ಬೂದು, ತಿಳಿ ಬೂದು, ಬಿಳಿ. ಅಂಚುಗೆರೆಗಳು ಕರಗಲು ಇದಕ್ಕಿಂತ ಒಳ್ಳೆಯ ಏಣಿ ಬೇಕೇ? ಎಲ್ಲ ಚಿತ್ರಗಳಲ್ಲೂ 15 ಇದ್ದ ಕಡೆ 29 ಹಾಕಿದಳು. ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ, ಅಂಚುಗಳು ಸೊಗಸಾಗಿ ಕರಗಿದವು. ಗಿಳಿಹಸಿರು ಇನ್ನೂ ಇತ್ತಾದರೂ ಅರ್ಧ ಕೆಲಸ ಮುಗಿಯಿತು ಎಂದುಕೊಂಡು ಆಟವನ್ನು ಮರುಬರೆಯಬಹುದಾದ ಕ್ಯಾಸೆಟ್ಟಿಗೆ ತುಂಬಿಕೊಂಡು ವಿರಾಜಪೇಟೆಯ ಟಿವಿ ರಿಪೇರಿ ಅಂಗಡಿಗೆ ಹೋದೆವು. ಕೊಳವೆಯ ಟಿವಿ ಈಗ ಇಂಥ ಕಡೆಗಳಲ್ಲಿ ಮಾತ್ರ ಚಾಲೂ ಸ್ಥಿತಿಯಲ್ಲಿ ಸಿಗುತ್ತದೆ.

ಮಂಜಿನ ದೃಶ್ಯ ಸರಾಗವಾಗಿ ಓಡಿತು. ಕತ್ತಲಿನ ದೃಶ್ಯ ಶುರುವಾದ ಕೂಡಲೇ ಚಿತ್ರ ಓರೆಯಾಗಿ ಹರಿದು, ಒಂದು ಸುತ್ತು ಮೇಲಕ್ಕೆ ಉರುಳಿ, ಮತ್ತೆ ಸರಿಯಾಯಿತು. ಪ್ರತಿ ಸಲವೂ ಅಲ್ಲೇ.

ಅಂಗಡಿಯವರು ಪೆಟ್ಟಿಗೆಯ ತಂತಿಗಳನ್ನು ಅಲುಗಾಡಿಸಿ ನೋಡಿದರು, ಬೇರೆ ಟಿವಿಗೆ ಹಾಕಿದರು. ಅಲ್ಲೂ ಅದೇ. "ಇದು ಟಿವಿಯ ದೋಷವಲ್ಲ. ಸಿಂಕ್ ಹೋಗುತ್ತಿದೆ. ನಿಮ್ಮ ಆಟವೇ ಏನನ್ನೋ ಕಳಿಸುತ್ತಿದೆ" ಎಂದರು.

"ಮಾವ, ಎಮ್ಯುಲೇಟರ್‌ನಲ್ಲಿ ಒಂದು ಸಲವೂ ಹೀಗಾಗಿಲ್ಲ" ಎಂದು ಅವಳು ನನ್ನ ಕಡೆ ತಿರುಗಿದಳು.

ಅಂಗಡಿಯವರ ಆ ಮಾತಿನಲ್ಲೇ ಅರ್ಧ ಉತ್ತರವಿತ್ತು. ಟಿವಿಗೆ ಹೋಗುವ ಸಂಕೇತದಲ್ಲಿ ಚಿತ್ರವೂ ಇರುತ್ತದೆ, ಗೆರೆ ಎಲ್ಲಿ ಶುರುವಾಗಬೇಕೆಂದು ಹೇಳುವ ಸಿಂಕ್ ಮಿಡಿತವೂ ಇರುತ್ತದೆ. ಎರಡನ್ನೂ ಬೇರ್ಪಡಿಸುವುದು ವೋಲ್ಟೇಜಿನ ಮಟ್ಟ: ಕಪ್ಪಿಗಿಂತ ಕೆಳಗೆ ಇಳಿದದ್ದು ಸಿಂಕ್. ಈ ಪಿಪಿಯುವಿನ ಅಸಲಿ ಮಾದರಿ 2ಸಿ02ರಲ್ಲಿ ಕಪ್ಪಿನ ಮಟ್ಟ ಸುಮಾರು 0.31 ವೋಲ್ಟ್. ಆದರೆ 13 ಎಂಬ ಒಂದು ಬಣ್ಣವಿದೆ. ಅದರ ಮಟ್ಟ ಸುಮಾರು 0.23 ವೋಲ್ಟ್, ಕಪ್ಪಿಗಿಂತಲೂ ಕಪ್ಪು. ತೆರೆಯ ಮೇಲೆ 13 ಹೆಚ್ಚು ಜಾಗದಲ್ಲಿ ಬಂದರೆ ಕೆಲವು ಟಿವಿಗಳು ಅದನ್ನೇ ಸಿಂಕ್ ಎಂದು ತಿಳಿದು ದಾರಿ ತಪ್ಪುತ್ತವೆ. ಎಮ್ಯುಲೇಟರ್‌ಗೆ ಸಿಂಕಿನ ಗೊಡವೆಯಿಲ್ಲ. ಅದಕ್ಕೆ 13 ಬರಿಯ ಕಪ್ಪು.

ಆಟದಲ್ಲಿ 13 ಎಂದು ಯಾರೂ ಬರೆದಿರಲಿಲ್ಲ, ಅದು ಲೆಕ್ಕದಿಂದ ಹುಟ್ಟಿತ್ತು. ಅಂಚುಗೆರೆಯ 29ರಿಂದ 16 ಕಳೆದರೆ 13. ಸೊನ್ನೆಗಿಂತ ಕೆಳಗೆ ಹೋಗಿಲ್ಲವಾದ್ದರಿಂದ ಅವಳ ಪ್ರೋಗ್ರಾಂ ಅದನ್ನು ಹಾಗೆಯೇ ಬಿಟ್ಟಿತು. ಮುಂದಿನ ಹಂತದಲ್ಲಿ 13ರಿಂದ 16 ಕಳೆಯಲು ಹೋದಾಗ 15 ಆಯಿತು, ಟಿವಿ ಸಾವರಿಸಿಕೊಂಡಿತು. ಚಿತ್ರ ಒಂದೇ ಹಂತದಲ್ಲಿ ಮಾತ್ರ ಉರುಳಿದ್ದು ಇದಕ್ಕೇ. ತೋಟದ ದೃಶ್ಯದಲ್ಲಿ ಮರದ ಬುಡ, ಕಾಂಡ, ಬೇಲಿ ಎಲ್ಲವೂ ಆ ಕಪ್ಪಿನಿಂದಲೇ ತುಂಬಿದ್ದರಿಂದ ಅಲ್ಲಿ 13 ತೆರೆಯ ಕಾಲು ಭಾಗವನ್ನೇ ಆವರಿಸುತ್ತಿತ್ತು. ಮೆಸೆನ್ ಎಮ್ಯುಲೇಟರ್‌ನಲ್ಲಿ ಆ ಹಂತಕ್ಕೆ ಆಟವನ್ನು ನಿಲ್ಲಿಸಿ ಪ್ಯಾಲೆಟ್ ತೆರೆದು ನೋಡಿದಾಗ 13ಗಳು ಸಾಲಾಗಿ ಕೂತಿದ್ದವು.

ಲೆಕ್ಕದ ಬದಲು ಕೋಷ್ಟಕ

"ಹಾಗಾದರೆ 29 ಬಂದರೆ ಮಾತ್ರ ನೇರವಾಗಿ 15 ಮಾಡಿಬಿಡುತ್ತೇನೆ" ಎಂದಳು. ಮಾಡಬಹುದು. ಆದರೆ ಈ ಬಣ್ಣಪಟ್ಟಿಯಲ್ಲಿ ಅಪವಾದ ಇದೊಂದೇ ಅಲ್ಲ. 48ರಿಂದ 16 ಕಳೆದರೆ 32; ಆದರೆ 32 ಮತ್ತು 48 ಎರಡೂ ಒಂದೇ ಬಿಳಿ, ಎರಡೂ ಸುಮಾರು 1.1 ವೋಲ್ಟ್. ಹಾಗಾಗಿ ಕತ್ತಲಾಗುವಾಗ ಬಿಳಿ ಅಂಗಿ ಮೊದಲ ಹಂತದಲ್ಲಿ ಬದಲಾಗದೆ ನಿಂತುಬಿಡುತ್ತದೆ. 15ರ ಕಂಬಸಾಲಿನ ಕಥೆ ಆಗಲೇ ಹೇಳಿದೆ. ಒಂದೊಂದಕ್ಕೂ ಒಂದೊಂದು 'ಹೀಗಾದರೆ ಹಾಗೆ' ಬರೆಯುತ್ತ ಹೋದರೆ ಆ ಪ್ರೋಗ್ರಾಂ ಓದಲೂ ಬರುವುದಿಲ್ಲ. ಕೂಡುವ ಕಳೆಯುವ ಲೆಕ್ಕ ಬಿಟ್ಟು, ಯಾವ ಬಣ್ಣ ಯಾವ ಹಂತದಲ್ಲಿ ಏನಾಗಬೇಕೆಂದು ಕೈಯಾರೆ ಬರೆದ ಕೋಷ್ಟಕ ಇಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಈ ಯಂತ್ರಕ್ಕೆ ಕೋಷ್ಟಕ ಹೇಳಿಮಾಡಿಸಿದಂತಿದೆ. ಬಣ್ಣಗಳು 64. ಬದಲಾಗದ ಹಂತವನ್ನೂ ಸೇರಿಸಿ ನಾಲ್ಕು ಹಂತಗಳು. ಒಟ್ಟು 256 ಬೈಟ್. ಈ ಯಂತ್ರದಲ್ಲಿರುವ 6502 ಜಾತಿಯ ಪ್ರೊಸೆಸರಿನಲ್ಲಿ ಕೋಷ್ಟಕದ ಮನೆಯನ್ನು ತೋರಿಸುವ ಸೂಚಕ ರಿಜಿಸ್ಟರ್ ಎಂಟು ಬಿಟ್‌ನದು, ಅದು ತಲುಪುವುದೂ 256 ಮನೆಗಳನ್ನೇ. ಬಣ್ಣದ ಸಂಖ್ಯೆ ಕೆಳಗಿನ ಆರು ಬಿಟ್‌ಗಳಲ್ಲಿ, ಹಂತ ಮೇಲಿನ ಎರಡರಲ್ಲಿ. ಎರಡನ್ನೂ ಬೆರೆಸಿ ರಿಜಿಸ್ಟರಿಗೆ ಹಾಕಿದರೆ ಉತ್ತರ ನೇರ ಕೈಗೆ ಬರುತ್ತದೆ. ಕತ್ತಲಿಗೊಂದು, ಮಂಜಿಗೊಂದು, ಒಟ್ಟು 512 ಬೈಟ್. 32 ಕಿಲೋಬೈಟ್ ಪ್ರೋಗ್ರಾಂ ಹಿಡಿಯುವ ಸಾದಾ ಕ್ಯಾಸೆಟ್ಟಿನಲ್ಲಿ ಇದು ದೊಡ್ಡ ಖರ್ಚಲ್ಲ.

ಕತ್ತಲಿನ ಕೋಷ್ಟಕ ಬೇಗ ಮುಗಿಯಿತು. ಹಳೆಯ ಇಳಿಜಾರನ್ನೇ ಉಳಿಸಿಕೊಂಡು, 29ನ್ನು ನೇರವಾಗಿ 15ಕ್ಕೆ ಕಳಿಸಿ, ಬಿಳಿಯನ್ನು 48ರಿಂದ 16ಕ್ಕೆ, ಅಲ್ಲಿಂದ 0ಗೆ, ಆಮೇಲೆ 15ಕ್ಕೆ ಇಳಿಸಿದ್ದಾಯಿತು. 16 ಮತ್ತು 0 ಎರಡೂ ಬೂದು ಬಣ್ಣಗಳು, ಕ್ರಮವಾಗಿ ತಿಳಿ ಮತ್ತು ಗಾಢ. ಇಡೀ ಕೋಷ್ಟಕದಲ್ಲಿ ಎಲ್ಲೂ 13 ಬರುವುದಿಲ್ಲ. ಚಿತ್ರಗಳಲ್ಲಿ ಅಂಚುಗೆರೆಗಳು ಮತ್ತೆ 15ಕ್ಕೆ ಮರಳಿದವು.

ಹಂತಗಳ ನಡುವೆ ಇನ್ನೊಂದು ಅರ್ಧ ಹಂತ ಬೇಕಾದರೆ ಕೆಂಪು, ಹಸಿರು, ನೀಲಿಗೆ ಒತ್ತು ಕೊಡುವ ಪಿಪಿಯುವಿನ ಮೂರು ಬಿಟ್‌ಗಳನ್ನು ಒಟ್ಟಿಗೆ ಹಾಕುವ ಉಪಾಯವಿದೆ; ಇಡೀ ಚಿತ್ರ ಸ್ವಲ್ಪ ಮಂಕಾಗುತ್ತದೆ. ಅವಳಿಗೆ ಅದು ಬಹಳ ಹಿಡಿಸಿತು, ನಾನು ಬೇಡವೆಂದೆ. ಆರ್ಕೇಡ್ ಯಂತ್ರಗಳಿಗೆ ಮಾಡಿದ 2ಸಿ03 ಚಿಪ್‌ನಲ್ಲಿ ಅವೇ ಬಿಟ್‌ಗಳು ಬಣ್ಣವನ್ನು ತುಂಬಿಸುತ್ತವೆ; ಮೂರನ್ನೂ ಹಾಕಿದರೆ ಕತ್ತಲಾಗುವ ಬದಲು ತೆರೆ ಬೆಳ್ಳಗಾಗುತ್ತದೆ. ನಕಲು ಪೆಟ್ಟಿಗೆಗಳ ಲೋಕದಲ್ಲಿ ಚಿಪ್ಪಿನಿಂದ ಚಿಪ್ಪಿಗೆ ಬದಲಾಗುವ ಸೌಲಭ್ಯದಿಂದ ದೂರ ಇರುವುದೇ ವಾಸಿ.

ಮಂಜಿನ ಬಣ್ಣ

ಮಂಜಿನ ಕೋಷ್ಟಕ ಸಮಯ ತಿಂದಿತು. ಅದರ ಮೊದಲ ಕರಡಿನಲ್ಲಿ ಎಲ್ಲವೂ ಕೊನೆಗೆ 48ಕ್ಕೆ, ಬಿಳಿಗೆ, ಹೋಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕೊಳವೆ ಟಿವಿಯ ತುಂಬ ಬಿಳಿ ಬಂದರೆ ಕಣ್ಣು ಕುಕ್ಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ತಲಕಾವೇರಿಯ ಮೆಟ್ಟಿಲ ಬಳಿ ನಿಂತವರಿಗೆ ಗೊತ್ತು, ಅಲ್ಲಿ ಕವಿಯುವುದು ಬಿಳಿಯಲ್ಲ. ಅದು ಬೂದು. ಕಪ್ಪು ಬಂಡೆ ಮಂಜಿನಲ್ಲಿ ತಿಳಿಯಾಗುತ್ತದೆ ನಿಜ, ಆದರೆ ಬಿಳಿ ಪಂಚೆಯೂ ಮಂಕಾಗುತ್ತದೆ. ಕತ್ತಲು ಎಲ್ಲವನ್ನೂ ಒಂದೇ ದಿಕ್ಕಿಗೆ, ಕೆಳಕ್ಕೆ ತಳ್ಳುತ್ತದೆ. ಮಂಜು ಹಾಗಲ್ಲ, ಕೆಳಗಿನದನ್ನು ಮೇಲೆತ್ತುತ್ತದೆ, ಮೇಲಿನದನ್ನು ಕೆಳಗಿಳಿಸುತ್ತದೆ, ಎರಡನ್ನೂ ತನ್ನ ಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ಜರ್ಮನಿಯ ಕೋಶ್‌ಮೀಡರ್ 1924ರಲ್ಲಿ ಇದನ್ನು ಸೂತ್ರವಾಗಿಯೇ ಬರೆದಿಟ್ಟಿದ್ದಾನೆ: ದೂರ ಹೆಚ್ಚಿದಂತೆ ವಸ್ತುವಿನ ಸ್ವಂತ ಬೆಳಕು ಕುಗ್ಗುತ್ತದೆ, ನಡುವಿನ ಗಾಳಿಯ ಬೆಳಕು ಅದರ ಜಾಗ ತುಂಬುತ್ತದೆ. ಆದ್ದರಿಂದ ಮಂಜಿನ ಗುರಿ 16, ತಿಳಿ ಬೂದು.

ಎಲ್ಲವನ್ನೂ ಬೂದು ಮಾಡುವ ಒಂದು ಬಿಟ್ ಪಿಪಿಯುವಿನಲ್ಲೇ ಇದೆ. ಅದನ್ನು ಹಾಕಿದರೆ ಯಾವ ಸಾಲಿನ ಯಾವ ವರ್ಣವೂ ಆ ಸಾಲಿನ ಮೊದಲ ಮನೆಗೆ ಬಂದು ಬೀಳುತ್ತದೆ. 25 ಇದ್ದದ್ದು 16. ಕಪ್ಪು 15 ಕೂಡ 0 ಆಗಿ ಗಾಢ ಬೂದಾಗುವುದರಿಂದ ಮಂಜಿಗೆ ಇದೇ ಸಾಕಲ್ಲವೇ ಎನಿಸುತ್ತದೆ. ಸಾಲದು. ಒಂದೇ ಸಾಲಿನಲ್ಲಿದ್ದರೂ ಬೂದು ಬಣ್ಣ ಉಳಿದ ವರ್ಣಗಳಿಗಿಂತ ಹೊಳಪು. ವರ್ಣ ಎಂದರೆ ಈ ಚಿಪ್‌ನಲ್ಲಿ ಎರಡು ಮಟ್ಟಗಳ ನಡುವೆ ಜಿಗಿಯುವ ಅಲೆ. 25ಕ್ಕೆ ಆ ಮಟ್ಟಗಳು 0.31 ಮತ್ತು 0.84, ಸರಾಸರಿ 0.58 ವೋಲ್ಟ್. 16ರ ಬೂದು 0.84ರಲ್ಲೇ ನಿಂತಿರುತ್ತದೆ. ಬಿಟ್ ಹಾಕಿದ ಕ್ಷಣ ಎಲೆಗಳೆಲ್ಲ ಒಮ್ಮೆಗೇ ಬೆಳಗುತ್ತವೆ. ಹೊಳಪು ಬದಲಾಗದೆ ವರ್ಣವಷ್ಟೇ ಹೋಗಬೇಕೆಂದರೆ 25ರ ಜೋಡಿ 16 ಅಲ್ಲ, ಒಂದು ಸಾಲು ಕೆಳಗಿನ 0. ಅದರ ಮಟ್ಟ 0.62. ಹಾಗೆಯೇ ಆಕಾಶದ 33ರ ಸರಾಸರಿ 0.83, ಅದರ ಜೋಡಿ 16. ಈ ಒಂದು ಜೋಡಣೆ ಹೊಳೆದ ಮೇಲೆ ಕೋಷ್ಟಕ ತಾನಾಗಿ ತುಂಬಿಕೊಂಡಿತು.

ಮೊದಲ ಹಂತದಲ್ಲಿ ಕೆಳಸಾಲಿನ ವರ್ಣಗಳು ಮಾತ್ರ, ಅಂದರೆ ಎಲೆಯ ನೆರಳಿನ 9, ಗಾಢ ಬೂದಾಗುತ್ತವೆ. ನೆರಳುಗಳು ಮೊದಲು ಕರಗುತ್ತವೆ, ಹಸಿರು ಇನ್ನೂ ಇರುತ್ತದೆ. ಎರಡನೆಯ ಹಂತದಲ್ಲಿ ಹಸಿರು, ಅಂಚಿನ ಕಪ್ಪು, ನೆರಳು ಎಲ್ಲವೂ 0, ಆಕಾಶ 16. ಬಣ್ಣ ಹೋಯಿತು, ಆಕಾರ ಉಳಿಯಿತು. ಮೂರನೆಯ ಹಂತದಲ್ಲಿ ಎಲ್ಲವೂ 16.

ಮೂರೇ ಹಂತ ಒರಟಾಗುವುದಿಲ್ಲವೇ? ಇಡೀ ತೆರೆಗೆ ಒಟ್ಟಿಗೆ ಹಾಕಿದರೆ ಆಗುತ್ತದೆ. ಆದರೆ ಮಂಜು ದೂರದ ಬೆಟ್ಟವನ್ನು ಮೊದಲು ನುಂಗುತ್ತದೆ, ಕಾಲಬುಡದ ಹುಲ್ಲನ್ನು ಕೊನೆಗೆ. ಹಿನ್ನೆಲೆಯ ನಾಲ್ಕು ಕಿರುಪ್ಯಾಲೆಟ್‌ಗಳಲ್ಲಿ ಒಂದು ದೂರದ ಸಾಲುಬೆಟ್ಟಕ್ಕೆ, ಒಂದು ನಡುವಿನ ಮರಗಳಿಗೆ, ಒಂದು ಹತ್ತಿರದ ದಾರಿಗೆ, ಇನ್ನೊಂದು ಅಂಕಗಳ ಪಟ್ಟಿಗೆ. ಮೊದಲ ಮೂರಕ್ಕೂ ಬೇರೆ ಬೇರೆ ಹಂತ ಕೊಟ್ಟು, ಒಂದರ ಹಿಂದೆ ಒಂದರಂತೆ ಶುರುಮಾಡಿದರೆ ಕಣ್ಣಿಗೆ ಐದು ಹಂತಗಳು ಕಾಣುತ್ತವೆ, ಜೊತೆಗೆ ಆಳವೂ ಬರುತ್ತದೆ. ಅಂಕಗಳ ಪಟ್ಟಿಗೆ ಮಂಜಿಲ್ಲ. ಎದುರಿನಿಂದ ಬರುವ ಜೀಪಿನ ದೀಪದ ಸ್ಪ್ರೈಟ್‌ಗೂ ಇಲ್ಲ; ಜೀಪು ಬೂದಿನಲ್ಲಿ ಕಾಣೆಯಾದ ಮೇಲೂ ತಿಳಿಹಳದಿ ದೀಪಗಳೆರಡು ಬರುತ್ತಿರುತ್ತವೆ.

ಇದರಲ್ಲಿ ಒಂದು ತೊಡಕಿತ್ತು. ಹಿನ್ನೆಲೆಯಲ್ಲಿ 16ಕ್ಕೆ 16 ಚುಕ್ಕೆಗಳ ಒಂದು ಚೌಕಕ್ಕೆ ಒಂದೇ ಕಿರುಪ್ಯಾಲೆಟ್. ಮರದ ತುದಿ ಬೆಟ್ಟದ ಮುಂದೆ ಬಂದ ಕಡೆ, ಚೌಕದೊಳಗಿನ ಬೆಟ್ಟದ ತುಣುಕು ಮರದ ಪ್ಯಾಲೆಟ್ಟಿಗೆ ಸೇರಿ, ಸುತ್ತಲಿನ ಬೆಟ್ಟ ಬೂದಾದರೂ ತಾನು ಹಸಿರಾಗಿ ಉಳಿಯುತ್ತಿತ್ತು. ಪ್ರೋಗ್ರಾಂನಿಂದ ಇದಕ್ಕೆ ಮದ್ದಿಲ್ಲ. ಅವಳು ಚಿತ್ರವನ್ನೇ ಬದಲಿಸಿದಳು: ಬೆಟ್ಟದ ಬುಡಕ್ಕೂ ಮರದ ತುದಿಗೂ ನಡುವೆ ಆಕಾಶದ ಬಣ್ಣದ ಒಂದು ಪಟ್ಟಿ ಬಿಟ್ಟಳು. ಮುಂಜಾನೆ ಕಣಿವೆಯಲ್ಲಿ ತಂಗಿದ ಮಂಜಿನಂತೆಯೇ ಅದು ಕಾಣುತ್ತದೆ. ಈ ಆಟದ ಅತಿ ಚಂದದ ಚಿತ್ರ ಹುಟ್ಟಿದ್ದು ಹೀಗೆ, ಯಂತ್ರದ ಬಡತನದಿಂದ.

ಸಮಯದ ಲೆಕ್ಕ

ಪ್ಯಾಲೆಟ್ ಬದಲಿಸಬೇಕಾದದ್ದು ಟಿವಿ ಒಂದು ಚಿತ್ರ ಮುಗಿಸಿ ಮುಂದಿನದಕ್ಕೆ ಅಣಿಯಾಗುವ ವಿಬ್ಲ್ಯಾಂಕ್ ಅವಧಿಯಲ್ಲಿ ಮಾತ್ರ. ಅಮೆರಿಕ, ಜಪಾನಿನ ಯಂತ್ರದಲ್ಲಿ ಅದು ಸುಮಾರು 2,270 ಪ್ರೊಸೆಸರ್ ಆವರ್ತಗಳಷ್ಟು, ಅದರಲ್ಲಿ 513ನ್ನು ಸ್ಪ್ರೈಟ್‌ಗಳ ನಕಲು ತಿನ್ನುತ್ತದೆ. ಕೋಷ್ಟಕ ನೋಡುವ ಕೆಲಸವನ್ನು ಅದಕ್ಕೆ ಮೊದಲೇ ಮುಗಿಸಿ, ಉತ್ತರಗಳನ್ನು 32 ಬೈಟ್‌ಗಳ ತಾತ್ಕಾಲಿಕ ಜಾಗದಲ್ಲಿಟ್ಟು, ವಿಬ್ಲ್ಯಾಂಕ್‌ನಲ್ಲಿ ಬರಿದೆ ಸುರಿದರೆ ಸಾಕು.

ವೇಗದ ವಿಷಯ ವಿರಾಜಪೇಟೆಯ ಎರಡನೆಯ ಭೇಟಿಯಲ್ಲಿ ಎದ್ದಿತು. ಪ್ರತಿ ಹಂತಕ್ಕೆ 24 ಚೌಕಟ್ಟು, ಅಂದರೆ ಟಿವಿ ಒಂದರ ಹಿಂದೊಂದು ಬಿಡಿಸುವ 24 ಚಿತ್ರಗಳು, ಎಂದು ಅವಳು ಬರೆದಿದ್ದಳು. ಐದು ಹಂತಕ್ಕೆ 120; ಸೆಕೆಂಡಿಗೆ 60 ಚೌಕಟ್ಟು ಓಡುವ ಎಮ್ಯುಲೇಟರ್‌ನಲ್ಲಿ ಸರಿಯಾಗಿ ಎರಡು ಸೆಕೆಂಡು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಟಿವಿಗೆ ಹೊಂದುವ ಪೆಟ್ಟಿಗೆ ಓಡುವುದು 50ರಲ್ಲಿ, ಅಲ್ಲಿ 2.4 ಸೆಕೆಂಡು ಹಿಡಿಯಿತು, ಮಂಜು ಸಂಗೀತಕ್ಕಿಂತ ಹಿಂದೆ ಬಿತ್ತು. ಈಗ ಆಟ ಶುರುವಾಗುವಾಗ ಎರಡು ವಿಬ್ಲ್ಯಾಂಕ್‌ಗಳ ನಡುವೆ ಒಂದು ಎಣಿಕೆ ಓಡಿಸಿ ಪೆಟ್ಟಿಗೆಯ ಜಾತಿಯನ್ನು ಗುರುತಿಸುತ್ತದೆ. 60ರದಾದರೆ ಹಂತಕ್ಕೆ 24 ಚೌಕಟ್ಟು, 50ರದಾದರೆ 20. ಎರಡರಲ್ಲೂ ಮಂಜು ಎರಡು ಸೆಕೆಂಡಿಗೆ ತಲಕಾವೇರಿಯನ್ನು ಮುಚ್ಚುತ್ತದೆ.